ಗಾರ್ನೆಟ್ ತಂದಿಡ್ತೀನಿ ಅಂದ ಮೇಲೆ

ಕಲ್ಲಿನ ಪಾಠ ಮಾಡುವವರ ಜೀವನವೂ ಕಲ್ಲಿನ ಹಾಗೆ ತಣ್ಣಗಿರುತ್ತದೆ ಅಂತ ಜನ ತಿಳಿದಿದ್ದಾರೆ. ಶುದ್ಧ ಸುಳ್ಳು. ವ್ಯಾನಿಟಿ ಬ್ಯಾಗಿನಲ್ಲಿ ಸುತ್ತಿಗೆ ಇಟ್ಟುಕೊಂಡು ಓಡಾಡುವ ಹೆಂಗಸಿಗೆ ವಾರಕ್ಕೊಂದು ಪ್ರಸಂಗ ಗ್ಯಾರಂಟಿ.

ತೊಂಬತ್ತರ ದಶಕದ ಕೊನೆಯ ಮಾತು. ಶಿವಮೊಗ್ಗದ ಕಾಲೇಜೊಂದರಲ್ಲಿ ನಾನು ಭೂವಿಜ್ಞಾನದ ಮೇಡಂ. ನಮ್ಮ ಲ್ಯಾಬಿನ ಗಾಜಿನ ಬೀರುವಿನಲ್ಲಿ ‘ಗಾರ್ನೆಟ್’ ಎಂದು ಚೀಟಿ ಅಂಟಿಸಿದ್ದ ಜಾಗ ಖಾಲಿಯಿತ್ತು. ಯಾರೋ ಪುಣ್ಯಾತ್ಮರು ಕಲ್ಲನ್ನು ಎತ್ತಿಕೊಂಡು ಹೋಗಿ ಚೀಟಿಯನ್ನು ಮಾತ್ರ ನಮಗೆ ಬಿಟ್ಟಿದ್ದರು. ತಿಂಗಳೊಳಗೆ ತಪಾಸಣೆಗೆ ಸಮಿತಿ ಬರುವುದಿತ್ತು. “ಹೊರಗಿಂದ ತರಿಸೋಣ್ವಾ ಮೇಡಂ?” ಅಂದರು ಪ್ರಿನ್ಸಿಪಾಲರು. ನನಗೆ ಎಲ್ಲಿತ್ತೋ ಆವೇಶ, ತುಂಬಿದ ಸಭೆಯಲ್ಲಿ ಹೇಳಿಬಿಟ್ಟೆ: “ಏನೂ ಬೇಡ ಸರ್. ನಮ್ಮ ಜಿಲ್ಲೇದೇ ತಂದಿಡ್ತೀನಿ. ತರದಿದ್ರೆ ಆ ಬೀರುವಲ್ಲಿ ನಾನೇ ಕೂತ್ಕೋತೀನಿ.”

ಸಭೆ ಮುಗಿಯುವ ಮೊದಲೇ ಅಟೆಂಡರು ಹೋಗಿ ಬೀರುವಿನ ಅಗಲ ನೋಡಿಕೊಂಡು ಬಂದರು.

ಕೋಟಿ ವರ್ಷದ ಕಲ್ಲು

ಗಾರ್ನೆಟ್ ಗುರುತಿಸುವುದು ಬ್ರಹ್ಮವಿದ್ಯೆಯಲ್ಲ. ದಾಳಿಂಬೆ ಬೀಜದ ಬಣ್ಣ, ಚೆನ್ನಾಗಿ ಬೆಳೆದಿದ್ದರೆ ಹನ್ನೆರಡು ಮುಖ, ಗಾಜಿಗೆ ತಿಕ್ಕಿದರೆ ಗಾಜಿನ ಮೇಲೆ ಗೀರು ಬೀಳಬೇಕು. ಇದನ್ನೆಲ್ಲ ತರಗತಿಯಲ್ಲಿ ಹೇಳಿ, ಸಿಕ್ಕಿದವರು ತನ್ನಿ ಎಂದು ಹುರಿದುಂಬಿಸಿದೆ. ಮಾರನೆಯ ವಾರವೇ ಭದ್ರಾವತಿಯಿಂದ ಬರುವ ವಿದ್ಯಾರ್ಥಿಯೊಬ್ಬ ಕೆಂಪು ಕಂದು ಬಣ್ಣದ, ಮಿರಿಮಿರಿ ಮಿಂಚುವ ಒಂದು ತುಂಡನ್ನು ಮೇಜಿನ ಮೇಲಿಟ್ಟ.

ಗಾಜಿಗೆ ತಿಕ್ಕುವ ಗೋಜಿಗೂ ನಾನು ಹೋಗಲಿಲ್ಲ. ಇಷ್ಟು ವರ್ಷದ ಅನುಭವ ಅಂದರೆ ಸುಮ್ಮನೆಯೇ? ತುಂಡನ್ನು ಎತ್ತಿ ಹಿಡಿದು, “ನೋಡ್ರಪ್ಪಾ, ಇದಕ್ಕೆ ಕಡಿಮೆ ಅಂದ್ರೂ ಇನ್ನೂರು ಕೋಟಿ ವರ್ಷ. ಭೂಮಿ ಹೊಟ್ಟೇಲಿ ಬೆಂದು ಬಂದಿದ್ದು” ಅಂದೆ.

ಹುಡುಗ ತಲೆ ಕೆರೆದುಕೊಂಡ. “ಬೆಂದಿದ್ದು ನಿಜ ಮೇಡಂ. ಆದ್ರೆ ಹೋದ ಮಂಗಳವಾರ. ಇದು ಕಬ್ಬಿಣದ ಕಾರ್ಖಾನೆ ಫರ್ನೇಸ್ ಕಿಟ್ಟ. ನಮ್ಮಪ್ಪಂದು ಸೆಕೆಂಡ್ ಶಿಫ್ಟ್ ಇತ್ತು.”

ದಿಂಬಿನಡಿಯ ಉಪಾಯ

ಆಮೇಲೆ ನಾನೇ ಸುತ್ತಿಗೆ ಹಿಡಿದು ಹೊರಟೆ. ಶಂಕರಘಟ್ಟದ ಕಡೆ ಎರಡು ಭಾನುವಾರ ಅಲೆದದ್ದಕ್ಕೆ ಒಂದು ಕಲ್ಲು ಸಿಕ್ಕಿತು. ಅದರಲ್ಲಿ ಗಾರ್ನೆಟ್ ಇತ್ತು, ನಿಜ. ಆದರೆ ಸಾಸಿವೆ ಕಾಳಿನಷ್ಟು. ಸಮಿತಿಗೆ ತೋರಿಸಿದರೆ ಭೂತಗನ್ನಡಿಯನ್ನೂ ನಾವೇ ಕೊಡಬೇಕಿತ್ತು. ಬೇಸರದಿಂದ ರವೀಂದ್ರನಗರದ ನಮ್ಮ ಮನೆಯ ಜಗುಲಿಯಲ್ಲಿ ಒಗೆದೆ.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ಜೋಯಿಸರು ಗೋಮೇದಕ ಧರಿಸಲು ಹೇಳಿದ್ದರು. ರಾಹುವಿನ ಕಾಟವಂತೆ. “ಗೋಮೇದಕವೂ ಗಾರ್ನೆಟ್ ಬಳಗದ್ದೇ ಮೇಷ್ಟ್ರೇ” ಎಂದು ನಾನು ಬಾಯಿ ತಪ್ಪಿ ಹೇಳಿದೆ. ಮಾರನೆಯ ದಿನ ಜಗುಲಿಯ ಕಲ್ಲು ಮಾಯ! ಉಂಗುರಕ್ಕೆ ಕೂರದ ಕಲ್ಲು ಅದು, ಎರಡು ಕೆಜಿಗೆ ಮೋಸವಿಲ್ಲ. ಅದನ್ನು ಅವರು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದರು.

ವಾರದ ನಂತರ ತಾವೇ ವಾಪಸ್ ತಂದರು. “ರಾಹು ಬಿಟ್ಟನಾ ಮೇಷ್ಟ್ರೇ?” ಎಂದು ಕೇಳಿದೆ.

“ರಾಹು ವಿಷಯ ಗೊತ್ತಿಲ್ಲ ತಾಯಿ. ಕತ್ತು ಹಿಡ್ಕೊಂಡಿದೆ.”

ನ್ಯೂ ಟೌನಿನ ಹಿತ್ತಲು

ಸಮಿತಿ ಬರಲು ನಾಲ್ಕೇ ದಿನ ಉಳಿದಿತ್ತು. ಅಟೆಂಡರು ನನ್ನನ್ನು ಕಂಡಾಗಲೆಲ್ಲ ಬೀರುವಿನ ಧೂಳು ಒರೆಸತೊಡಗಿದ್ದರು. ಆ ಭಾನುವಾರ ಭದ್ರಾವತಿಯ ನ್ಯೂ ಟೌನಿನಲ್ಲಿ, ವರಸೆಯಲ್ಲಿ ನನಗೆ ತಂಗಿಯಾಗಬೇಕಾದವಳ ಮನೆಗೆ ಊಟಕ್ಕೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋದವಳು ಅಲ್ಲೇ ಕುಕ್ಕರಿಸಿ ಕೂತುಬಿಟ್ಟೆ. ಬಟ್ಟೆ ಒಗೆಯುವ ಕಲ್ಲು! ಕಾಗೆಬಂಗಾರ ಮಿನುಗುವ ಕಲ್ಲಿನ ತುಂಬ ಗೋಲಿ ಗಾತ್ರದ ಕೆಂಪು ಹರಳುಗಳು. ಬ್ಯಾಗಿನಿಂದ ಗಾಜಿನ ಚೂರು ತೆಗೆದು ಒಂದು ಹರಳಿಗೆ ತಿಕ್ಕಿದೆ. ಗಾಜಿನ ಮೇಲೆ ಕರ್ ಎಂದು ಗೀರು ಬಿತ್ತು. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ತಂಗಿಯ ಗಂಡ ಓಡಿ ಬಂದ. “ಏನಾಯ್ತು ಅಕ್ಕಾ, ಬಳೆ ಬಿತ್ತಾ?”

ವಿಷಯ ತಿಳಿದು, “ಅಷ್ಟೇನಾ? ಇಡೀ ಕಲ್ಲೇ ತಗೊಂಡ್ಹೋಗಿ. ಇವಳಿಗೆ ಬೇರೆ ಹಾಕಿಸ್ತೀನಿ” ಅಂದ, ಧಾರಾಳಿ.

“ಆಗಲ್ಲ” ಅಂದಳು ತಂಗಿ. ಅವಳ ದನಿ ಕೇಳಿ ನಾನೇ ಬೆಚ್ಚಿದೆ. ಎಂದೂ ಹೀಗೆ ಮಾತಾಡಿದವಳಲ್ಲ. ಆಮೇಲೆ ಗಂಡನನ್ನು ವೀಳ್ಯದೆಲೆ ತರಲು ಅಂಗಡಿಗೆ ಅಟ್ಟಿದಳು.

ನಾನು ಪಾಠಕ್ಕೆ ಇಳಿದೆ. “ಹುಚ್ಚಿ, ಸುತ್ತಲಿನ ಕಲ್ಲು ಮೆದು, ಹರಳು ಗಟ್ಟಿ. ಮೆದು ಎಲ್ಲ ಸವೆದು ಹರಳು ಹಲ್ಲಿನ ಹಾಗೆ ಎದ್ದು ನಿಂತಿವೆ ನೋಡು. ಇದರ ಮೇಲೆ ಒಗೆದ್ರೆ ಸೀರೆ ಹರಿಯುತ್ತೆ ಮಾರಾಯ್ತಿ!”

“ಎಂಟು ವರ್ಷದಿಂದ ಗೊತ್ತು ಅಕ್ಕ” ಅಂದಳು ತಣ್ಣಗೆ. “ಬೇಕಿದ್ರೆ ಈ ಮೂಲೆ ಒಡ್ಕೊಳ್ಳಿ. ನಡುವಿಂದು ಮುಟ್ಟಬೇಡಿ.”

ಅವಳ ಮನಸ್ಸು ಬದಲಾಗುವ ಮೊದಲೇ ಸುತ್ತಿಗೆ ಎತ್ತಿದೆ. ಮೂರನೇ ಏಟಿಗೆ ಮೂಲೆ ಕಳಚಿತು. ಮುಷ್ಟಿ ಗಾತ್ರದ ತುಂಡು, ಮೂರು ಹರಳು. ದೊಡ್ಡ ಹರಳಿನ ಆರು ಮುಖ ಹೊರಗೆ, ಉಳಿದ ಆರು ಕಲ್ಲಿನೊಳಗೆ. ಸಮಿತಿಯಲ್ಲ, ಅದರಪ್ಪ ಬಂದರೂ ಇನ್ನು ನನಗೆ ಭಯವಿರಲಿಲ್ಲ. ತುಂಡನ್ನು ಕರ್ಚೀಫಿನಲ್ಲಿ ಸುತ್ತಿಟ್ಟುಕೊಂಡ ಮೇಲೆ, ತಡೆಯಲಾರದೆ ಕೇಳಿದೆ:

“ಸೀರೆ ಹರಿಯುತ್ತೆ ಅಂತ ಗೊತ್ತಿದ್ದೂ ಈ ಕಲ್ಲು ಯಾಕೆ ಇಟ್ಕೊಂಡಿದ್ದೀಯ?”

ತಂಗಿ ಬಾಗಿಲ ಕಡೆ ಒಮ್ಮೆ ನೋಡಿ, ಹತ್ತಿರ ಬಂದು ಪಿಸುಗುಟ್ಟಿದಳು.

“ಪ್ರತಿ ಹಬ್ಬಕ್ಕೂ ಇವರೇ ಸೀರೆ ಆರಿಸಿ ತರ್ತಾರಕ್ಕ. ಒಂದೊಂದರ ಬಣ್ಣ ನೋಡಿದ್ರೆ ಜ್ವರ ಬರಬೇಕು. ಪ್ರೀತಿಯಿಂದ ತಂದಿದ್ದನ್ನ ಬೇಡ ಅನ್ನೋಕಾಗುತ್ತಾ? ನಾನು ಆರಿಸಿದ್ದನ್ನ ಬಕೆಟ್‌ನಲ್ಲಿ ಒಗೀತೀನಿ. ಇವರು ತಂದಿದ್ದು ಮಾತ್ರ ಈ ಕಲ್ಲಿಗೆ.”