ಗೋಕಟ್ಟೆಗೆ ಬಂದ ಪುಕ್ಕಟೆ ಗುದ್ದಲಿಗಳು

ನಮ್ಮ ಕಡೆ ಯಾರಾದರೂ ಬಾಗಿಲಿಗೆ ಬಂದು ಸಾಲ ಕೇಳಿದರೆ ಜನ ಕೂರಿಸಿ ಮಾತಾಡಿಸುತ್ತಾರೆ. "ನಮಗೇನೂ ಬೇಡ, ಸುಮ್ಮನೆ ಕೆಲಸ ಮಾಡಿಕೊಡ್ತೀವಿ" ಎಂದರೆ ಮಾತ್ರ ಎದ್ದು ಒಳಗೆ ಹೋಗುತ್ತಾರೆ. ಭಾನುವಾರಗಳಲ್ಲಿ ನಾನು ಈ ಎರಡನೆಯ ಗುಂಪಿಗೆ ಸೇರಿದವಳು. ಹಾಗಾಗಿ ಜನರ ಬೆನ್ನು ನನಗೆ ಚೆನ್ನಾಗಿ ಪರಿಚಯ.

ನಾವು ನಾಲ್ಕೇ ಜನ. ಅರಸೀಕೆರೆಯ ನಿವೃತ್ತ ವಿಜ್ಞಾನದ ಮೇಷ್ಟ್ರು ನಮ್ಮ ನಾಯಕರು. ಬೇಲೂರಿನಲ್ಲಿ ಬಹಳ ಕಾಲ ಗೈಡ್ ಆಗಿದ್ದು, ಗಂಟಲು ಕೆಟ್ಟು ಕೆಲಸ ಬಿಟ್ಟವರು ಇನ್ನೊಬ್ಬರು. ಮೂರನೆಯವಳು ನನ್ನ ಕಾಲೇಜಿನ ಗೆಳತಿ, ಹಳೇಬೀಡಿನ ಜೈನ ವ್ಯಾಪಾರಿಯೊಬ್ಬರ ಮಗಳು. ನಾನು ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. "ನಿನಗೆ ಮಾತು ಕಡಿಮೆಯಮ್ಮ, ಮಣ್ಣು ಹೊರು" ಎಂದು ಮೇಷ್ಟ್ರು ಮೊದಲ ದಿನವೇ ನನ್ನ ಕೈಗೆ ಬಾಂಡ್ಲಿ ಕೊಟ್ಟರು. ಇಂಥ ಕೆಲಸ ನನಗೆ ಇಷ್ಟ. ಬಾಂಡ್ಲಿ ಯಾರನ್ನೂ ಏನೂ ಕೇಳುವುದಿಲ್ಲ.

ಈ ವರ್ಷ ನಾವು ಹಿಡಿದದ್ದು ಗಂಡಸಿ ಕಡೆಯ ಒಂದು ಹಳ್ಳಿಯ ಗೋಕಟ್ಟೆ. ದನಕರುಗಳು ನೀರು ಕುಡಿಯಲಿ ಎಂದು ಊರ ಮುಂದೆ ಹಿಂದಿನವರು ತೋಡಿಸಿದ ಹೊಂಡ. ಈಗ ಹೂಳು ತುಂಬಿ ತಟ್ಟೆಯ ಹಾಗೆ ಆಗಿತ್ತು. ಮುಂಗಾರಿಗೆ ಮುಂಚೆ ಹೂಳೆತ್ತಿದರೆ ನೀರು ನಿಲ್ಲುತ್ತದೆ, ಇಲ್ಲದಿದ್ದರೆ ಇನ್ನೊಂದು ವರ್ಷ ಒಣಗುತ್ತದೆ. ಪಂಚಾಯ್ತಿಯವರು ಕೇಳಿದ ಕೂಡಲೇ ಹೂಂ ಎಂದರು. ಊರಿನವರು ಮಾತ್ರ ಅಷ್ಟು ಸುಲಭವಾಗಿ ಹೂಂ ಎನ್ನುವವರಲ್ಲ.

ಯಾರ ಕಡೆಯವರು?

ಮೊದಲ ಭಾನುವಾರ ಗುದ್ದಲಿ ಹಿಡಿದು ಬಸ್ಸಿಳಿದೆವು. ಗೋಕಟ್ಟೆ ಪಕ್ಕದ ಅರಳಿಕಟ್ಟೆ ಮೇಲೆ ಗಂಡಸರು ಸಾಲಾಗಿ ಕೂತಿದ್ದರು.

"ಲೇಔಟ್ ಮಾಡೋರು ಕಣ್ಲಾ," ಎಂದ ಒಬ್ಬ.

"ಇಲ್ಲ ಕಣ್ಲಾ, ಎಲೆಕ್ಷನ್ನು. ಆ ಟೋಪಿ ಯಜಮಾನ್ರು ನಿಲ್ತಾರೆ."

ಟೋಪಿ ಯಜಮಾನರೆಂದರೆ ನಮ್ಮ ಮೇಷ್ಟ್ರು. ಅವರು ತರಗತಿಯಲ್ಲಿ ನಿಂತವರ ಹಾಗೆ ಗಂಟಲು ಸರಿಮಾಡಿಕೊಂಡು, "ನೋಡ್ರಪ್ಪಾ, ನಾವು ಸ್ವಯಂಸೇವಕರು" ಎಂದರು.

"ಅದು ಯಾವ ಪಾರ್ಟಿ ಸಾ?"

ಮೇಷ್ಟ್ರು ಟೋಪಿ ತೆಗೆದು ಬೆವರು ಒರೆಸಿಕೊಂಡರು. ಅವರ ಕಷ್ಟ ನೋಡಲಾರದೆ ನಾನು ಧೈರ್ಯ ಮಾಡಿದೆ. ನಮ್ಮ ಸಾಮಾನೆಲ್ಲ ಕಟ್ಟೆ ಮೇಲೆ ಇಡಬೇಕಿತ್ತು. ತುದಿಯಲ್ಲಿದ್ದ ಹಿರಿಯರೊಬ್ಬರ ಹತ್ತಿರ ಹೋಗಿ, ಶಾಲೆಯಲ್ಲಿ ಕಲಿಸಿದ ಹಾಗೆ, "ದಯವಿಟ್ಟು ಸ್ವಲ್ಪ ಜಾಗ ಬಿಡ್ತೀರಾ?" ಎಂದೆ.

ಅವರು ನನ್ನನ್ನೇ ದಿಟ್ಟಿಸಿ ನೋಡಿದರು. ನಿಧಾನವಾಗಿ ಎದ್ದು ಪಂಚೆ ಕೊಡವಿ ಉಳಿದವರಿಗೆ ಹೇಳಿದರು: "ಏಳ್ರಲಾ. ಬ್ಯಾಂಕಿನೋರು. ಇಷ್ಟು ಮರ್ಯಾದೆಯಾಗಿ ಮಾತಾಡ್ತಾರೆ ಅಂದ್ರೆ ಜಪ್ತಿಗೇ ಬಂದವ್ರೆ."

ಕಟ್ಟೆ ಪೂರ್ತಿ ಖಾಲಿಯಾಯಿತು.

ದೊಡ್ಡ ಮಟ್ಟದ್ದು

ಎಲ್ಲರೂ ದೂರದಿಂದ ನೋಡುತ್ತಿದ್ದಾಗ ಹತ್ತಿರ ಬಂದದ್ದು ಒಬ್ಬ ಅಜ್ಜಿ, ಅವರ ಹಿಂದೆ ಒಂದು ಎಮ್ಮೆ. ಇಬ್ಬರೂ ನಿಂತು ನನ್ನ ಬಾಂಡ್ಲಿಯನ್ನು ನೋಡಿದರು.

"ಯಾವೂರವ್ವ?"

"ಅರಸೀಕೆರೆ ಅಜ್ಜಿ."

"ದಿನಕ್ಕೆ ಎಷ್ಟು ಕೊಡ್ತಾರೆ ಕೂಲಿ?"

"ಕೂಲಿ ಇಲ್ಲ."

"ಊಟ ಹಾಕ್ತಾರಾ?"

"ಡಬ್ಬಿ ತಂದಿದೀವಿ."

"ಬಸ್ ಚಾರ್ಜನ್ನಾದ್ರೂ ಕೊಡ್ತಾರೋ ಇಲ್ವೋ?"

"ಹೆಂಗಸರಿಗೆ ಬಸ್ಸು ಪುಕ್ಕಟೆ ಅಲ್ವಾ ಅಜ್ಜಿ."

ಅಜ್ಜಿ ಎಮ್ಮೆಯ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು. "ಬರದೂ ಪುಕ್ಕಟೆ, ಮಾಡದೂ ಪುಕ್ಕಟೆ. ಹಂಗಾದ್ರೆ ಇದು ಚಿಕ್ಕಪುಟ್ಟದ್ದಲ್ಲ. ಏನೋ ದೊಡ್ಡ ಮಟ್ಟದ್ದೇ ಐತೆ."

ಅಷ್ಟು ಅನುಮಾನವಿದ್ದರೂ ಅಜ್ಜಿ ಹೋಗಲಿಲ್ಲ. ನೆರಳಲ್ಲಿ ಕೂತು ನಮ್ಮನ್ನು ಕಾಯುತ್ತಾ, ಕೇಳದೆಯೇ ತಮ್ಮ ಕಥೆ ಹೇಳಿಕೊಂಡರು. ಈ ಎಮ್ಮೆಯ ಹಾಲಿನಿಂದಲೇ ಅವರ ಕಾಫಿ, ಅವರ ಮಾತ್ರೆ. ಗೋಕಟ್ಟೆ ಒಣಗಿದ ಮೇಲೆ ದಿನಾ ದೂರದ ಕೆರೆಗೆ ಹೊಡೆದುಕೊಂಡು ಹೋಗಬೇಕು, ಮಂಡಿ ಕೇಳುವುದಿಲ್ಲ. "ಈ ಮಳೆಗೂ ಇಲ್ಲಿ ನೀರು ನಿಲ್ನಿಲ್ಲ ಅಂದ್ರೆ ಮಾರಿಬಿಡ್ತೀನಿ. ದಲ್ಲಾಳಿ ಆಗ್ಲೇ ಬಂದು ಹಲ್ಲು ನೋಡ್ಕಂಡು ಹೋಗವ್ನೆ." ಹಾಗೆನ್ನುವಾಗ ಅವರು ಎಮ್ಮೆಗೆ ಕೇಳಿಸದ ಹಾಗೆ ದನಿ ತಗ್ಗಿಸಿದ್ದನ್ನು ಗಮನಿಸಿದೆ.

ಅಲ್ಲಿಯವರೆಗೆ ನನಗೆ ಗೋಕಟ್ಟೆ ಎಂದರೆ ಒಂದು ಹೊಂಡ ಅಷ್ಟೇ. ಆಮೇಲಿನಿಂದ ಪ್ರತಿ ಬಾಂಡ್ಲಿ ಎತ್ತುವಾಗಲೂ ಎಮ್ಮೆ ನನ್ನ ಕಡೆಗೇ ನೋಡುತ್ತಿದೆ ಅನ್ನಿಸುತ್ತಿತ್ತು. ನಾನು ಸುಸ್ತಾಗಿ ಕೂತಾಗಲೆಲ್ಲ ಅದು ಬುಸ್ ಎನ್ನುತ್ತಿತ್ತು ಕೂಡ. ನನ್ನ ಹೆಡ್‌ಮಿಸ್ಸೂ ಹೀಗೇ.

ಟಣ್

ಮೂರನೆಯ ವಾರವೋ ಏನೋ, ಗೈಡ್ ಅವರ ಪಿಕಾಸಿಗೆ ಟಣ್ ಎಂದು ಏನೋ ತಗುಲಿತು. ಹಳೇಬೀಡಿನ ಸುತ್ತಮುತ್ತ ನೆಲದೊಳಗೆ ಟಣ್ ಎಂದರೆ ಏನರ್ಥ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅರಳಿಕಟ್ಟೆ ಎದ್ದು ಬಂತು. ಒಲೆ ಮೇಲಿಟ್ಟ ಎಸರು ಬಿಟ್ಟು ಹೆಂಗಸರು ಓಡಿ ಬಂದರು.

"ಅದಕ್ಕೇ ಕಣ್ರಲಾ ಪುಕ್ಕಟೆ ಅಗೀತಿದ್ದಿದ್ದು!"

ಗೈಡ್ ಅವರಿಗೆ ಜನ ಸುತ್ತ ನಿಂತದ್ದು ನೋಡಿ ಹಳೆಯ ಹುಮ್ಮಸ್ಸು ಬಂದುಬಿಟ್ಟಿತು. ಮಣ್ಣಿನಿಂದ ಒಂದಿಷ್ಟೇ ಮೇಲೆ ಕಾಣುತ್ತಿದ್ದ ಕಲ್ಲಿಗೆ ಕೈ ತೋರಿಸಿ, "ಇಲ್ಲಿ ನೋಡಿ, ದುಂಡನೆಯ ಅಂಚು, ನುಣುಪಾದ ಹೊಳಪು..." ಎಂದು ಶುರುಮಾಡಿದರು. ಗಂಟಲು ಕೆಟ್ಟಿದ್ದರಿಂದ ಬಂದದ್ದು ಬರೀ ಪಿಸುಮಾತು.

"ಯಾಕ್ಲಾ ಪಿಸುಗುಡ್ತಾನೆ? ನಮಗೆ ಕೇಳಬಾರದು ಅಂತ!"

ನನ್ನ ಗೆಳತಿ "ನಿಧಾನ, ನಿಧಾನ" ಎನ್ನುತ್ತಾ ಮಣ್ಣು ಬಿಡಿಸಿದಳು. ಒಬ್ಬಾಕೆ ಆಗಲೇ ಕುಂಕುಮ ತಂದು ಹಚ್ಚಿ ಕೈಮುಗಿದಿದ್ದರು. ಕಲ್ಲು ಪೂರ್ತಿ ಮೇಲೆ ಬಂತು. ಅರ್ಧ ಒಡೆದ ರುಬ್ಬುವ ಒರಳು.

ಎಲ್ಲರೂ ನಿರಾಸೆಯಿಂದ ಹೊರಡುವಷ್ಟರಲ್ಲಿ ಕುಂಕುಮದ ಹೆಂಗಸು ಕೂಗಿದರು: "ಅಯ್ಯೋ, ಇದು ನಮ್ಮತ್ತೆ ಒರಳು! ಕಳ್ಳತನ ಆಗಿದ್ದು!"

"ನಿಮ್ಮತ್ತೇದಾ? ನಿಮ್ಮತ್ತೆ ಯಾವತ್ತು ರುಬ್ಬಿದ್ಲು? ಇದು ನಮ್ಮನೇದು ಕಣೇ!"

ಜಗಳ ಎರಡು ಮನೆ ದಾಟಿ ನಾಲ್ಕು ಮನೆಗೆ ಹರಡಿತು. ಸತ್ತ ಅತ್ತೆಯರ ಅಡುಗೆಯೆಲ್ಲ ಹೊರಗೆ ಬಂತು. ಒರಳಿನ ಪಕ್ಕ ಕುಕ್ಕರಗಾಲಲ್ಲಿ ಕೂತ ಗೈಡ್ ನನ್ನ ಕಿವಿಯಲ್ಲಿ ಹೇಳಿದರು, "ಇಷ್ಟು ವರ್ಷ ದೇವಸ್ಥಾನದ ಕಲ್ಲುಗಳನ್ನ ತೋರಿಸಿದೀನಮ್ಮ. ಒಂದು ಕಲ್ಲಿಗೂ ಹಿಂಗೆ ವಾರಸುದಾರರು ಬಂದಿರಲಿಲ್ಲ."

ಕಾವಲು

ಒರಳು ಸಿಕ್ಕಿದ ಮೇಲೆ ಅನುಮಾನ ಕಡಿಮೆಯಾಗಬೇಕಿತ್ತು. ಹೆಚ್ಚಾಯಿತು. "ಒರಳು ತೋರಿಸಿ ನಮ್ಮನ್ನ ಯಾಮಾರಿಸ್ತಾವ್ರೆ" ಎಂದು ಮುಂದಿನ ವಾರ ಗಂಡಸರು ಗೋಕಟ್ಟೆಯ ಸುತ್ತಲೂ ಕಾವಲು ಕೂತರು. ಮೋಡ ಬೇರೆ ಕಟ್ಟತೊಡಗಿತ್ತು. ನಾಲ್ಕು ಜನ ಅಗೆದು ಮುಗಿಯುವ ಕೆಲಸ ಅದಲ್ಲ ಎಂದು ನಮಗೂ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು.

ಅಜ್ಜಿ ಎದ್ದು ಗುಡುಗಿದರು: "ಕೂತ್ಕಂಡು ಕಾದ್ರೆ ಏನ್ರಲಾ ಕಾಣ್ತದೆ? ಬಾಂಡ್ಲೀಲಿ ಏನು ಸಾಗಿಸ್ತಾವ್ರೆ ಅಂತ ಗೊತ್ತಾಗಬೇಕಾದ್ರೆ ಬಾಂಡ್ಲಿ ನೀವೇ ಹೊರಬೇಕು!"

ಈ ಮಾತು ಎಲ್ಲರಿಗೂ ಸರಿ ಕಂಡಿತು. ಒಬ್ಬ ಎದ್ದು ನನ್ನ ಬಾಂಡ್ಲಿ ಕಿತ್ತುಕೊಂಡ. ಅವನೇನು ಒಯ್ಯುತ್ತಾನೋ ಎಂದು ಅವನ ದಾಯಾದಿ ಮನೆಗೋಡಿ ಒಂದು ಮಂಕರಿ ತಂದ. ಅವನ ಮೇಲೆ ಕಣ್ಣಿಡಲು ಇನ್ನೊಬ್ಬ ಗುದ್ದಲಿ ತಂದ. ಸಂಜೆಯ ಹೊತ್ತಿಗೆ ಅರ್ಧ ಊರು ಇನ್ನರ್ಧ ಊರನ್ನು ಕಾಯುತ್ತಾ ಹೂಳು ಹೊರುತ್ತಿತ್ತು.

ಹೊರಡುವಾಗ ಒಬ್ಬ ಮೇಷ್ಟ್ರನ್ನು ತಡೆದು ಎಚ್ಚರಿಸಿದ: "ಸಾ, ಬರೋ ವಾರ ನಮಗಿಂತ ಮುಂಚೆ ಬಂದು ಅಗೆದೀರಾ, ಹುಷಾರ್!"

ಬಿಳಿ ಶರಟು

ಗಂಡಸರ ಅನುಮಾನ ನೆಲದೊಳಗೆ ಇದ್ದರೆ ಹೆಂಗಸರ ಅನುಮಾನ ನನ್ನ ಮೇಲೆ ಇತ್ತು. ಮದುವೆ ಆಗಿಲ್ಲ, ವಾರ ತಪ್ಪದೆ ಬರುತ್ತಾಳೆ, ಮಾತಾಡಿಸಿದರೆ ತಲೆ ತಗ್ಗಿಸುತ್ತಾಳೆ. ಅಂದ ಮೇಲೆ ಈ ಊರಿನ ಯಾವುದೋ ಹುಡುಗನ ಮೇಲೆ ಮನಸ್ಸಿದೆ.

"ಯಾರ ಮನೆ ಹುಡುಗ ಹೇಳವ್ವ, ನಾನೇ ಮಾತಾಡ್ತೀನಿ," ಎಂದರು ಅಜ್ಜಿ.

ನಾನು ನಾಚಿ ತಲೆ ತಗ್ಗಿಸಿದೆ. ನಾನು ಅಂಗಡಿಯಲ್ಲಿ ಚಿಲ್ಲರೆ ಕೇಳುವಾಗಲೂ ತಲೆ ತಗ್ಗಿಸುವವಳು. ಆದರೆ ಅವರಿಗೆ ಅಷ್ಟು ಸಾಕಾಯಿತು.

ಮುಂದಿನ ವಾರ ಮೂಲೆಮನೆಯಿಂದ ನನಗೊಬ್ಬಳಿಗೇ ಕಾಫಿ ಬಂತು. ಅದನ್ನು ನೋಡಿ ಹಂಚಿನ ಮನೆಯವರು ಕಾಫಿಯ ಜೊತೆ ಕೋಡುಬಳೆ ಕಳಿಸಿದರು. ಎರಡೂ ಮನೆಯ ಹುಡುಗರು ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಹೊಂಡಕ್ಕಿಳಿದರು. ಒಬ್ಬ ಒಂದು ಮಂಕರಿ ಹೊತ್ತರೆ ಇನ್ನೊಬ್ಬ ಎರಡು ಹೊರುತ್ತಿದ್ದ. ನನ್ನ ಕಡೆ ಮಾತ್ರ ಇಬ್ಬರೂ ನೋಡಲಿಲ್ಲ. ಪಾಪ, ನನ್ನ ಹಾಗೇ ನಾಚಿಕೆಯವರು.

"ಇದು ತಪ್ಪು ಕಣೇ, ನಿಜ ಹೇಳಿಬಿಡ್ತೀನಿ," ಎಂದೆ ಗೆಳತಿಗೆ.

ಅವಳು ಆಕಾಶ ನೋಡಿದಳು, ಎಮ್ಮೆಯನ್ನು ನೋಡಿದಳು, ನನ್ನ ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡಳು. "ಹೇಳು. ಆದ್ರೆ ಆ ಮೂಲೇಲಿ ಇನ್ನೂ ಒಂದಾಳೆತ್ತರ ಹೂಳಿದೆ. ಅದಾದ ಮೇಲೆ ಹೇಳು."

ಮುಯ್ಯಿ

ಮಳೆ ಬಂತು, ಗೋಕಟ್ಟೆ ತುಂಬಿತು. ಅಜ್ಜಿ ಫೋನ್ ಮಾಡಿಸಿದರು. "ಎಮ್ಮೆ ನೀರಿಗೆ ಬಿದ್ದದ್ದು ಎದ್ದು ಬತ್ತಿಲ್ಲ ಕಣವ್ವ. ದಲ್ಲಾಳೀನ ಅಟ್ಟಿಬಿಟ್ಟೆ."

ನನಗೆ ಅಳು ಬರುವಷ್ಟು ಸಂತೋಷವಾಯಿತು. ಅಜ್ಜಿಯ ದನಿಯಲ್ಲಿ ಮಾತ್ರ ಏನೋ ಬಿಗಿ. "ಊರೋರೆಲ್ಲ ಕೂತು ಮಾತಾಡಿದ್ವಿ. ನೀವು ಏನೂ ತಗಳ್ನಿಲ್ಲ. ಹಿಂಗೆ ಬಿಟ್ರೆ ಮುಂದೆ ಏನು ಕೇಳ್ತೀರೋ ಅಂತ ಯಾರ್ಗೂ ನಿದ್ದೆ ಇಲ್ಲ. ಅದಕ್ಕೇ ಮುಯ್ಯಿ ತೀರಿಸ್ಬಿಡ್ತೀವಿ. ಭಾನುವಾರ ಬತ್ತೀವಿ."

ಹಳ್ಳಿಯಲ್ಲಿ ಇವತ್ತು ನೀವು ನಮ್ಮ ಹೊಲಕ್ಕೆ ಬಂದರೆ ನಾಳೆ ನಾವು ನಿಮ್ಮ ಹೊಲಕ್ಕೆ ಬರಬೇಕು. ಅದು ಮುಯ್ಯಿ. ನಮ್ಮ ಅರಸೀಕೆರೆ ಮನೆಗಿರುವುದು ಸಿಮೆಂಟು ಅಂಗಳ ಮತ್ತು ಒಂದು ತುಳಸಿ ಕುಂಡ.

ಭಾನುವಾರ ಬೆಳಿಗ್ಗೆ ಮೇಷ್ಟ್ರ ಸ್ಕೂಟರ್ ದಾರಿ ತೋರಿಸುತ್ತಾ ಮುಂದೆ, ಟ್ರಾಕ್ಟರ್ ತುಂಬ ಜನ ಹಾರೆ ಪಿಕಾಸಿ ಹಿಡಿದು ಹಿಂದೆ, ನಮ್ಮ ಬೀದಿಗೆ ಬಂದರು. ಅಜ್ಜಿ ಮೊದಲು ಇಳಿದರು. "ಎಲ್ಲಿ ಅಗೀಬೇಕು ತೋರ್ಸವ್ವ."

ಅಪ್ಪ ಪೇಪರ್ ಮಡಚಿ ನನ್ನನ್ನು ಪಕ್ಕಕ್ಕೆ ಕರೆದರು. "ಯಾರೇ ಇವರು? ಎಷ್ಟು ಕೇಳ್ತಾರೆ?"

"ಏನೂ ಕೇಳಲ್ಲಪ್ಪ."

"ಏನೂ ಕೇಳದೆ ಟ್ರಾಕ್ಟರ್ ಮಾಡ್ಕೊಂಡು ಬರ್ತಾರಾ? ನೀನು ಒಳಗೆ ಹೋಗು, ನಾನು ವಿಚಾರಿಸ್ತೀನಿ."

ಅವರು ವಿಚಾರಿಸುವ ಮೊದಲೇ ಎದುರುಮನೆಯ ಬಾಗಿಲು ತೆರೆಯಿತು. ಎದುರುಮನೆ ಅಂಕಲ್ ಬೀದಿಯ ಚರಂಡಿಯ ಮೇಲೆ ಮೊದಲು ಒಂದು ಚಪ್ಪಡಿ ಹಾಕಿದ್ದರು, ಆಮೇಲೆ ಮೆಟ್ಟಿಲು ಕಟ್ಟಿದ್ದರು, ಆಮೇಲೆ ಸ್ಕೂಟರ್ ನಿಲ್ಲಿಸಲು ಗೋಡೆಯನ್ನೂ ಎಬ್ಬಿಸಿದ್ದರು. ಮಳೆ ಬಂದರೆ ನೀರು ಹೋಗಲು ದಾರಿಯಿಲ್ಲದೆ ಬೀದಿಯ ಮನೆಗಳಿಗೆಲ್ಲ ನುಗ್ಗುತ್ತಿತ್ತು. ಹೇಳಿದವರ ಮೇಲೆಲ್ಲ ಅವರು ಜಗಳಕ್ಕೆ ಹೋಗಿದ್ದರು. ಈಗ ಟೋಪಿ ಹಾಕಿದ ಮೇಷ್ಟ್ರು, ಟ್ರಾಕ್ಟರು, ಪಿಕಾಸಿಗಳನ್ನು ಕಂಡವರೇ ಬನಿಯನ್ನಿನಲ್ಲೇ ಹಾರೆ ಹಿಡಿದು ಓಡಿಬಂದರು.

"ಸಾರ್, ಮುನಿಸಿಪಾಲ್ಟಿಯವರು ಕೈ ಹಾಕಬೇಡಿ! ನಾನೇ ತೆಗೀತಿದೀನಿ!" ಎನ್ನುತ್ತಾ ಮೆಟ್ಟಿಲಿಗೆ ಹಾರೆಯಿಂದ ಬಲವಾಗಿ ಒಂದು ಏಟು ಹಾಕಿದರು.

ತುಳಸಿ ಕುಂಡವನ್ನು ನೋಡುತ್ತಾ ಪೆಚ್ಚಾಗಿ ನಿಂತಿದ್ದ ಊರಿನವರ ಮುಖ ಅರಳಿತು. "ಓ, ಕೆಲಸ ಇಲ್ಲೈತೆ ಬರ್ರಲಾ!"

ಗೋಡೆ ಹೋಯಿತು, ಮೆಟ್ಟಿಲು ಹೋಯಿತು, ಚಪ್ಪಡಿ ಎದ್ದಿತು. ಅಭ್ಯಾಸಬಲದಿಂದ ಚರಂಡಿಯ ಹೂಳನ್ನೂ ಎತ್ತಿದರು. ಬಿಳಿ ಶರಟಿನ ಇಬ್ಬರೂ ಇದ್ದರು. ನಮ್ಮಪ್ಪ ನೋಡುತ್ತಿದ್ದಾರೆಂದು ಎಲ್ಲರಿಗಿಂತ ಹೆಚ್ಚು ಒಡೆದರು.

ಎಲ್ಲ ಮುಗಿದ ಮೇಲೆ ಅಂಕಲ್ ಅಜ್ಜಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು, "ಫೈನ್ ಎಷ್ಟಾಯ್ತು ಅಮ್ಮ?"

"ಏನೂ ಬ್ಯಾಡ ಕಣಪ್ಪ."

ಅವರ ಮುಖ ಇನ್ನಷ್ಟು ಬಿಳುಚಿತು. "ಏನೂ ಬೇಡ ಅಂದ್ರೆ? ಕೇಸು ಹಾಕ್ತೀರಾ?"

"ಎಂಥ ಕೇಸು? ನಿನಗೆ ಮನಸ್ಸು ತಡೀದಿದ್ರೆ ಒಂದು ದಿನ ನಮ್ಮೂರಿಗೆ ಬಂದು ಗೋಕಟ್ಟೆ ಏರಿಗೆ ಮಣ್ಣು ಹೊತ್ತು ಹೋಗು. ಅಲ್ಲಿಗೆ ಸರಿಹೋಯ್ತದೆ."

ಮುಂದಿನ ಭಾನುವಾರ ಅಂಕಲ್ ಮೊದಲ ಬಸ್ಸಿಗೇ ಹೊರಟರು. ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಬಿಪಿ ಮಾತ್ರೆ. ಆಂಟಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಬಸ್ ಹತ್ತಿಸಿ ಬಂದರು.

ಸಂಜೆಗೇ ಅವರು ತಲೆಯಿಂದ ಕಾಲಿನವರೆಗೆ ಕೆಸರಾಗಿ ವಾಪಸ್ ಬಂದರು. ಮುಖದಲ್ಲಿ ಏನು ಕಳೆ! ನೇರ ನಮ್ಮಪ್ಪನ ಹತ್ತಿರ ಬಂದು, ಬೀದಿಯ ಎರಡೂ ಕಡೆ ನೋಡಿ, ಗುಟ್ಟಾಗಿ ಹೇಳಿದರು:

"ಒಂದೇ ದಿನಕ್ಕೆ ಬಿಟ್ಟುಬಿಟ್ರು ಸಾರ್, ಮಧ್ಯಾಹ್ನ ಮುದ್ದೆ ಊಟಾನೂ ಹಾಕಿದ್ರು. ಆದ್ರೆ ಆ ಅಜ್ಜಿ ಭಾರಿ ದೊಡ್ಡ ಆಫೀಸರ್ರು. ಯಾರಿಗೂ ಗೊತ್ತಾಗಬಾರದು ಅಂತ ಮಫ್ತಿಯಲ್ಲಿ ಎಮ್ಮೆ ಮೇಯಿಸ್ತಾ ಇದಾರೆ."