ಮಾವನ ಹೊಸ್ತಿಲು ದಾಟುವ ವಿದ್ಯೆ

ಮಸ್ಕಿಯಲ್ಲಿರುವ ನಮ್ಮ ಸೋದರಮಾವನ ಮನೆಗೆ ಹೋಗುವುದು ಬಹಳ ಸುಲಭ. ಹೊರಬರುವುದಿದೆಯಲ್ಲ, ಅದಕ್ಕೆ ಪೂರ್ವಜನ್ಮದ ಪುಣ್ಯ ಬೇಕು!

ಮಾವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಬಂದವರು ಎದ್ದರೆ ಸಾಕು, ಹೊಸ್ತಿಲ ಮೇಲೆ ನಿಂತು ಅವರ ಚೀಲದ ಹಿಡಿಕೆ ಹಿಡಿದುಬಿಡುತ್ತಾರೆ.

"ಬರೇ ಚಾ ಕುಡದು ಹೊಂಟ್ರೇನ್ರಿ? ಈಗ ನೋಡ್ರಿ, ಜೀವಕೋಶದಾಗ ವೈರಸ್ ಹುಟ್ಟಿ ಹೊರಗ ಹೊಂಟಿರ್ತೈತಿ. ಬಾಗಿಲ್ದಾಗ ಒಂದು ಪ್ರೋಟೀನ್ ಕುಂತು ಅದರ ಕಾಲು ಹಿಡಕೊಂತೈತಿ. ಹೋಗಾಕ ಬಿಡಂಗಿಲ್ಲ. ನಾನೂ ಹಂಗ!"

ಮನೆಗೆ ಬಂದವರನ್ನು ವೈರಸ್ ಎನ್ನುವ ಆತಿಥ್ಯ ಬೇರೆಲ್ಲಾದರೂ ಉಂಟೇ? ಗೊರೇಬಾಳದ ಬೀಗರೊಬ್ಬರು ಮದುವೆ ಕಾರ್ಡು ಕೊಡಲು ಬಂದು, ಹೆಲ್ಮೆಟ್ಟನ್ನೂ ತೆಗೆಯದೆ ಜಾಣರಾಗಿ ಬಾಗಿಲಲ್ಲೇ ನಿಂತರು. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಉಂಡರು. ಸಂಜೆ ಮಿರ್ಚಿ, ಮಂಡಾಳು ಒಗ್ಗರಣೆ ತಿಂದರು. ಕಡೆಗೆ ಉಳಿದ ಊರುಗಳ ನೆಂಟರನ್ನೆಲ್ಲ ಅಲ್ಲಿಂದಲೇ ಫೋನಿನಲ್ಲಿ ಕರೆದರು!

ನನಗೂ ಅದೇ ಗತಿ. ಲಿಂಗಸುಗೂರಿನ ಬಸ್ಸು ತಪ್ಪೀತೆಂದು ಒದ್ದಾಡುವಾಗ ಅಡುಗೆಮನೆಯಿಂದ ಅತ್ತೆಯ ದನಿ ಬರುತ್ತಿತ್ತು: "ಏನ್ರೀ, ಇಲ್ಲಿ ಬರ್ರಿ! ಗ್ಯಾಸ್ ಹತ್ತವಲ್ದು!" ಮಾವ ಚೀಲ ಬಿಟ್ಟು ಒಳಗೆ, ನಾನು ಪರಾರಿ!

ಒಮ್ಮೆ ಕೇಳಿದೆ, "ಮಾವ, ಮತ್ತ ವೈರಸ್ ಹೆಂಗ ಪಾರಾಗ್ತೈತಿ?"

"ಭಾಳ ಬೆರಕಿ ಅದು! ತನ್ನದೊಂದು ಪ್ರೋಟೀನ್ ಇಟ್ಟಿರ್ತೈತಿ. ಅದು ಬಾಗಿಲ್ದಾಗ ಕುಂತಾವನ್ನ ಒಳಗ ಎಳಕೊಂಡು ಹೋಗಿ ಮುಗಿಸೇ ಬಿಡ್ತೈತಿ."

"ಏನ್ರೀ, ಗ್ಯಾಸ್ ಹತ್ತವಲ್ದು!" ಎಂದರು ಅತ್ತೆ ಒಳಗಿನಿಂದ.

ಮಾವ ಎದ್ದು ಹೋದರು. ಇಷ್ಟು ಓದಿದವರಿಗೆ ಅತ್ತೆಯ ಈ ಉಪಾಯವೂ ತಿಳಿಯಬಾರದೇ ಎಂದು ಲಿಂಗಸುಗೂರು ಬರುವವರೆಗೂ ಒಬ್ಬನೇ ನಕ್ಕೆ.

ಈ ವರ್ಷ ಅತ್ತೆಯ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಸಿಂಧನೂರಿನಲ್ಲಿ ಆಪರೇಷನ್. ಮಗಳು ಕಾರು ತಂದಳು. ಮಾವ ಜೊತೆಗೆ ಬರಕೂಡದೆಂದು ಅತ್ತೆಯ ಕಟ್ಟಪ್ಪಣೆ: "ಇವರು ಬಂದ್ರ ಡಾಕ್ಟರನ್ನೂ ಬಾಗಿಲ್ದಾಗ ಹಿಡದು ಪಾಠ ಹೇಳ್ತಾರ!"

ಎಲ್ಲರೂ ನಕ್ಕೆವು. ಮಾವ ನಗಲಿಲ್ಲ. ಅತ್ತೆಯ ಚೀಲದ ಹಿಡಿಕೆ ಹಿಡಿದು ಹೊಸ್ತಿಲ ಮೇಲೆ ನಿಂತೇಬಿಟ್ಟರು. ವೈರಸ್ಸಿನ ಮಾತೂ ಇಲ್ಲ. ಒಳಗಿನಿಂದ ಕರೆಯಬೇಕಾದವರೇ ಈಗ ಹೊರಗೆ ನಿಂತಿದ್ದರು. ಅತ್ತೆ ನನ್ನ ಮುಖ ನೋಡಿದರು.

ನಾನು ಅಡುಗೆಮನೆಗೆ ಹೋಗಿ ಕೂಗಿದೆ: "ಮಾವ, ಬರ್ರಿ! ಗ್ಯಾಸ್ ಹತ್ತವಲ್ದು!"

ಸ್ವಲ್ಪ ತಡೆದು ಬಂದರು. ಕೈಯಲ್ಲಿ ಚೀಲ ಇರಲಿಲ್ಲ. ಹೊರಗೆ ಕಾರು ಹೊರಟ ಸದ್ದಾಯಿತು. ಮಾವ ಒಲೆಯ ಗುಂಡಿ ತಿರುವಿದರು. ಹತ್ತಿತು.

"ಇದು ಎಂದಾರ ಕೆಟ್ಟಿತ್ತೇನಲೇ? ಆಕಿ ಕರೀತಾಳ ಅಂತ ಒಳಗ ಬರ್ತಿದ್ದೆ," ಎಂದು ಕಣ್ಣೊರೆಸಿಕೊಂಡರು.

ನಾನು ಅದೇ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟೆ. ಲಿಂಗಸುಗೂರಿನ ಬಸ್ಸು ಆ ದಿನ ನನಗೆ ಬೇಕಿರಲಿಲ್ಲ.