ದೊಡ್ಡಮ್ಮನ ಸೆರಗಿನ ಮೂಲೆ

ಹೆಂಡತಿಯ ಸೀರೆ ಕತ್ತರಿಸಿ ಕೆಲಸಕ್ಕೆ ಒಯ್ಯುವ ಗಂಡಸು ಇಡೀ ಬಾಗಲಗುಂಟೆಗೆ ಒಬ್ಬರೇ, ಅವರು ನಮ್ಮ ದೊಡ್ಡಪ್ಪ!

ಗಾಬರಿಯಾಗಬೇಡಿ. ಅವರದು ಪೀಣ್ಯದ ಕಂಪನಿಯೊಂದರಲ್ಲಿ ನೆಲದಡಿ ನೋಡುವ ರೇಡಾರಿನ ಕೆಲಸ. ರಸ್ತೆ ಅಗೆಯುವ ಮೊದಲು ಒಳಗೆ ಪೈಪಿದೆಯೋ, ಕರೆಂಟ್ ವೈರಿದೆಯೋ ತಿಳಿಯಬೇಕಲ್ಲ? ದೊಡ್ಡಪ್ಪ ನೆಲದೊಳಗಿಂದ ಮರಳುವ ಅಲೆ ಹಿಡಿಯುವ ರಿಸೀವರ್‌ಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು, ಒಂದೊಂದಕ್ಕೂ ಅದರದೇ ಕೇಬಲ್ ಜೋಡಿಸಬೇಕು. ಗುರುತಿಗೆಂದು ಕಂಪನಿಯವರು ನಂಬರ್ ಚೀಟಿ ಅಂಟಿಸಿದ್ದರು. "ಚೀಟಿ ಉದುರೋಗುತ್ತೆ ಕಣೋ, ಬಟ್ಟೆ ಗಂಟು ಉದುರಲ್ಲ" ಎಂದು ಇವರು ಕೇಬಲ್ಲಿಗೊಂದು, ರಿಸೀವರಿಗೊಂದು ಒಂದೇ ಬಣ್ಣದ ಚಿಂದಿ ಕಟ್ಟಿದರು. ಚಿಂದಿ ಬಂದದ್ದು ದೊಡ್ಡಮ್ಮನ ಬೀರುವಿನಿಂದ.

ಒಮ್ಮೆ ಹಸಿರು ಸೀರೆ ಉಟ್ಟು ಮದುವೆಗೆ ಹೊರಟ ದೊಡ್ಡಮ್ಮ ನೋಡುತ್ತಾರೆ, ಸೆರಗಿಗೆ ಮೂಲೆಯೇ ಇಲ್ಲ!

"ಇದೇನ್ರೀ ಇದು?"

"ಇಲಿ ಇರ್ಬೇಕು."

"ಇಲಿ ಕತ್ತರಿ ಹಿಡಿಯುತ್ತೇನ್ರೀ?"

ಆ ಮದುವೆ ಪೂರ್ತಿ ದೊಡ್ಡಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡಿದರು. ನೋಡಿದವರೆಲ್ಲ ಎಂಥ ಕೆಲಸಗಾತಿ ಎಂದು ಹೊಗಳಿದರು!

ವೈಟ್‌ಫೀಲ್ಡಿನಲ್ಲಿ ಇಂಜಿನಿಯರೊಬ್ಬ, "ಏನಣ್ಣ, ಮಿಷನ್‌ಗೆ ಸೀರೆ ಉಡಿಸಿದ್ದೀರಾ?" ಎಂದು ನಕ್ಕಿದ್ದನಂತೆ. "ಉಡಿಸಿದ್ಮೇಲೇ ಸಾರ್ ಅದು ಮಾತು ಕೇಳ್ತಿರೋದು" ಎಂದರಂತೆ ಇವರು.

ಅಂಥವರು ಹೋದ ವರ್ಷ ಹಸಿರು ಚಿಂದಿಯ ಕೇಬಲನ್ನು ಕೆಂಪು ಚಿಂದಿಯ ರಿಸೀವರಿಗೆ ಜೋಡಿಸಿ ಕುಳಿತರು. ಒಂದಲ್ಲ, ಮೂರು ಸಲ. ಆಮೇಲೆ ಮನೆಯ ದಾರಿಯೂ ತಪ್ಪಿತು. ಮರೆವಿನ ಕಾಯಿಲೆ ಎಂದರು ಡಾಕ್ಟರು. ಕೆಲಸ ಬಿಡಿಸಿದೆವು. ನನ್ನ ಹೆಸರನ್ನು ಮರೆತ ದಿನ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ದೊಡ್ಡಮ್ಮ ಮಾತ್ರ ಅಳಲಿಲ್ಲ. ಅವರಿಗಿದ್ದದ್ದು ಒಂದೇ ಭಯ: ನಾಳೆ ನನ್ನನ್ನೂ ಮರೆತರೆ?

ಹೋದ ವಾರ ಅದೂ ಆಯಿತು. ಕಾಫಿ ತಂದ ದೊಡ್ಡಮ್ಮನನ್ನು ದೊಡ್ಡಪ್ಪ ದಿಟ್ಟಿಸಿ ನೋಡಿ, "ಯಾರಮ್ಮ ನೀವು?" ಎಂದರು.

ದೊಡ್ಡಮ್ಮ ಕಾಫಿ ಲೋಟ ಅವರ ಮುಂದಿಟ್ಟು ಒಳಗೆ ಹೋದರು. ಮೂಲೆಯಿಲ್ಲದ ಆ ಹಸಿರು ಸೀರೆ ಉಟ್ಟು ಬಂದು ಎದುರಿಗೆ ಕುಳಿತರು. ದೊಡ್ಡಪ್ಪ ಸೆರಗನ್ನು ಕೈಗೆ ತೆಗೆದುಕೊಂಡು, ಕತ್ತರಿಸಿದ ಅಂಚನ್ನು ಬೆರಳಲ್ಲಿ ಸವರಿದರು. ಆಚೀಚೆ ನೋಡಿ, ದನಿ ತಗ್ಗಿಸಿದರು.

"ಇದು ನಮ್ಮನೆಯವಳ ಸೀರೆ. ಕತ್ತರಿಸಿದ್ದು ನಾನೇ, ಇಲಿ ಅಲ್ಲ. ಅವಳಿಗೆ ಹೇಳ್ಬೇಡಿ ಅಮ್ಮಾ, ಪಾಪ, ಬೇಜಾರ್ ಮಾಡ್ಕೋತಾಳೆ."

"ಹೇಳಲ್ಲ ಬಿಡಿ" ಎಂದರು ದೊಡ್ಡಮ್ಮ. "ಕಾಫಿ ಆರೋಗುತ್ತೆ, ಕುಡೀರಿ."